ಚಪ್ಪಟೆ ಮೀಥೇನು

ತಪ್ಪು ಹೇಳುವುದಕ್ಕೆ ಧೈರ್ಯ ಬೇಡ, ಅದು ಬಾಯಿಗೆ ತಾನಾಗಿಯೇ ಬರುತ್ತದೆ. ಅದನ್ನು ಎರಡನೆಯ ಸಲ ಹೇಳುವಾಗ ಸ್ವಲ್ಪ ಧೈರ್ಯ ಬೇಕಾಗುತ್ತದೆ. ಮೂರನೆಯ ಸಲ ಹೇಳುವಷ್ಟರಲ್ಲಿ ಅದು ನಮ್ಮ ಸಿದ್ಧಾಂತವೇ ಆಗಿರುತ್ತದೆ. ಆಮೇಲೆ ಯಾರಾದರೂ ತಿದ್ದಲು ಬಂದರೆ ಮೈಯೆಲ್ಲ ಉರಿಯುತ್ತದೆ. ಬೇರೆ ಉದ್ಯೋಗದವರಿಗೆ ಈ ಮೂರು ಮೆಟ್ಟಿಲು ಹತ್ತಲು ವರ್ಷಗಟ್ಟಲೆ ಬೇಕಾದೀತು. ಮೇಷ್ಟರಾದವರು ಒಂದೇ ಪಿರಿಯಡ್ಡಿನಲ್ಲಿ ಹತ್ತಿ ಮುಗಿಸಬಹುದು. ಗಂಟೆ ಬಾರಿಸಲು ಇನ್ನೂ ಹತ್ತು ನಿಮಿಷ ಇರುವಾಗಲೇ ನಾನು ಮುಗಿಸಿದ್ದೆ.

ಅರುವತ್ತರ ದಶಕದ ಆರಂಭದಲ್ಲಿ ಕುಂದಾಪುರದ ಒಂದು ಕೊಡೆ ರಿಪೇರಿ ಅಂಗಡಿಯ ಮಾಳಿಗೆಯ ಮೇಲೆ ಒಂದು ಟ್ಯುಟೋರಿಯಲ್ ಇತ್ತು. ಪಿ.ಯು.ಸಿ.ಯಲ್ಲಿ ಡುಮ್ಕಿ ಹೊಡೆದವರನ್ನು ಮತ್ತೆ ಪರೀಕ್ಷೆಗೆ ಸಿದ್ಧಮಾಡುವುದು ಅಲ್ಲಿಯ ಕೆಲಸ. ನಾನು ಅಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ. ರಸಾಯನಶಾಸ್ತ್ರದವರು ಒಂದು ದಿನ ಮುಂಬಯಿಯಲ್ಲಿ ಕೆಲಸ ಸಿಕ್ಕಿತೆಂದು ಹೊರಟೇಬಿಟ್ಟರು. ಟ್ಯುಟೋರಿಯಲ್ಲಿನ ಸ್ಥಾಪಕರೂ ಪ್ರಿನ್ಸಿಪಾಲರೂ ಬೀಗದ ಕೈ ಇಟ್ಟುಕೊಳ್ಳುವವರೂ ಒಬ್ಬರೇ, ನಾಗಪ್ಪಯ್ಯ. ಅವರು ನನ್ನನ್ನು ಕರೆದು, "ಹ್ವಾಯ್ ಮಾಷ್ಟ್ರೆ, ನೀವ್ ಸೈನ್ಸ್ ಅಲ್ದಾ? ಕೆಮಿಸ್ಟ್ರಿಯೂ ಸೈನ್ಸೇ. ನಾಳಿಂದ ನೀವೇ ಮಾಡಿ" ಎಂದರು. ಬಿ.ಎಸ್ಸಿ.ಯಲ್ಲಿ ನಾನು ರಸಾಯನಶಾಸ್ತ್ರವನ್ನು ಕಣ್ಣುಮುಚ್ಚಿ ಉರುಹೊಡೆದು ದಾಟಿದವನು ಎಂದು ಹೇಳಬೇಕೆಂದುಕೊಂಡೆ. ಆದರೆ ನಾಗಪ್ಪಯ್ಯನವರ ಎದುರು ಮಾತು ಹೊರಡಿಸುವುದು ಅಷ್ಟು ಸುಲಭವಲ್ಲ. "ಆಯ್ತು" ಎಂದೆ.

ಸಾವಯವ ರಸಾಯನಶಾಸ್ತ್ರ ಶುರುವಾಗುವುದೇ ಮೀಥೇನಿನಿಂದ. ಒಂದು ಕಾರ್ಬನ್ನು, ಅದಕ್ಕೆ ನಾಲ್ಕು ಕೈ. ಪ್ರತಿ ಕೈಯಲ್ಲೂ ಒಂದೊಂದು ಹೈಡ್ರೋಜನ್ನು. ಬೋರ್ಡಿನ ನಡುವೆ ಒಂದು ಸಿ ಬರೆದು, ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒಂದೊಂದು ಗೆರೆ ಎಳೆದು, ತುದಿಗೊಂದೊಂದು ಎಚ್ ಬರೆದರೆ ಮುಗಿಯಿತು. ಚಿತ್ರಕಲೆ ನನಗೆ ಚಿಕ್ಕಂದಿನಿಂದಲೂ ಒಲಿದದ್ದಲ್ಲ. ನನ್ನ ಗೆರೆಗಳು ಹೊರಟ ಕಡೆ ಹೋಗದೆ ನಡುದಾರಿಯಲ್ಲಿ ಮನಸ್ಸು ಬದಲಾಯಿಸುತ್ತಿದ್ದವು. ಬಾಗಿಲಲ್ಲಿ ಇಣುಕಿದ ನಾಗಪ್ಪಯ್ಯ ಬೋರ್ಡನ್ನು ನೋಡಿ, "ಇದ್ ಎಂತ ಮಾಷ್ಟ್ರೆ, ಏಡಿಯಾ?" ಎಂದು ಕೇಳಿದರು. ಹಿಂದಿನ ಬೆಂಚಿನಲ್ಲಿ ನಗು ಎದ್ದಿತು. ಅಂದಿನಿಂದ ನನ್ನ ಮೀಥೇನಿಗೆ ಆ ಹೆಸರೇ ಉಳಿಯಿತು.

ಅದೇ ವಾರ ಒಬ್ಬ ಹುಡುಗ ಒಂದು ಪ್ರಶ್ನೆ ಕೇಳಿದ. ಮೀಥೇನಿನ ಎರಡು ಹೈಡ್ರೋಜನ್ ಹೋಗಿ ಎರಡು ಕ್ಲೋರಿನ್ ಬರುತ್ತದಲ್ಲ, ಆ ಕ್ಲೋರಿನ್ ಎರಡೂ ಅಕ್ಕಪಕ್ಕ ಕೂರುತ್ತವೋ, ಎದುರುಬದುರು ಕೂರುತ್ತವೋ? ಪುಸ್ತಕದಲ್ಲಿ ಈ ಮಾತು ನಾನು ಎಲ್ಲೂ ಓದಿರಲಿಲ್ಲ. ಬೋರ್ಡಿನ ಏಡಿಯನ್ನು ನೋಡಿದೆ. ಅಕ್ಕಪಕ್ಕವೂ ಕೂರಿಸಬಹುದು, ಎದುರುಬದುರೂ ಕೂರಿಸಬಹುದು. ಹಾಗಾಗಿ ಗಂಟಲು ಸರಿಮಾಡಿಕೊಂಡು, "ಎರಡು ಬಗೆಯೂ ಇವೆ. ಒಂದೇ ಹೆಸರಿನ ಎರಡು ಬೇರೆ ಬೇರೆ ವಸ್ತು" ಎಂದುಬಿಟ್ಟೆ. ನನ್ನ ಧ್ವನಿಯ ಗಾಂಭೀರ್ಯ ಕೇಳಿ ನನಗೇ ನಂಬಿಕೆ ಬಂತು.

ಆಗ ಮುಂದಿನ ಬೆಂಚಿನಿಂದ ಜಲಜಾಕ್ಷಿ ಎದ್ದು ನಿಂತಳು. ತಲ್ಲೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ, ಕಡಿಮೆ ಮಾತಿನ ಹುಡುಗಿ. ಕೆಮಿಸ್ಟ್ರಿ ಒಂದರಲ್ಲೇ ನಪಾಸಾಗಿದ್ದಳು. "ಸರ್, ಕೈ ನಾಲ್ಕೂ ಒಂದೇ ಹಲಗೆ ಮೇಲೆ ಇರ್ಕು ಅಂತ ಇತ್ತಾ? ಹಲಗೆ ಬಿಟ್ಟ್ ಹಿಂದೆ ಮುಂದೆ ಎಲ್ಲ ಕಡಿಗೂ ಹೋರೆ ಎರಡ್ ಬಗೆ ಬಪ್ಪುದಿಲ್ಲೆ ಅಲ್ದಾ? ತಿರ್ಗ್ಸಿರೆ ಎಲ್ಲ ಒಂದೇ ಆತ್ತ್" ಎಂದು ಕೈಯನ್ನು ಗಾಳಿಯಲ್ಲಿ ತಿರುಗಿಸಿ ತೋರಿಸಿದಳು. ನಾನು ಆಗಲೇ ಮೂರನೆಯ ಮೆಟ್ಟಿಲ ಮೇಲಿದ್ದೆ. "ಕೂತ್ಕೋ. ತಿರುಗಿಸಲು ಅದೇನು ರುಬ್ಬುವ ಕಲ್ಲಾ?" ಎಂದೆ. ಹಿಂದಿನ ಬೆಂಚು ಮತ್ತೆ ನಕ್ಕಿತು. ಈ ಸಲ ಅವರು ನನ್ನ ಪಕ್ಷದಲ್ಲಿ ನಕ್ಕದ್ದರಿಂದ ನನಗೆ ಬಹಳ ಹಿತವಾಯಿತು.

ಮುಂದಿನ ಸೋಮವಾರದ ಕಿರುಪರೀಕ್ಷೆಯಲ್ಲಿ ಬೇಕೆಂದೇ ಆ ಪ್ರಶ್ನೆ ಕೊಟ್ಟೆ. ಎಲ್ಲರೂ ಎರಡು ಬಗೆ ಎಂದು ಬರೆದರು. ಜಲಜಾಕ್ಷಿ ಮಾತ್ರ ಒಂದೇ ಎಂದು ಬರೆದಿದ್ದಳು. ಅವಳ ಉತ್ತರದ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದೊಂದು ಸೊನ್ನೆ ಹಾಕಿ, ಕೆಳಗೆ, "ಕಲ್ಪನೆಗೆ ಮಾರ್ಕಿಲ್ಲ. ಪುಸ್ತಕ ಓದು" ಎಂದು ಬರೆದೆ. ಆ ಪುಸ್ತಕವನ್ನು ನಾನೂ ಪೂರ್ತಿ ಓದಿರಲಿಲ್ಲ ಎಂಬುದು ಆ ಹೊತ್ತಿಗೆ ನೆನಪಿಗೆ ಬರಲಿಲ್ಲ. ಕಾಗದ ತೆಗೆದುಕೊಂಡ ಅವಳು ಅದನ್ನೊಮ್ಮೆ ಓದಿ, ಮಡಿಸಿ ಚೀಲಕ್ಕೆ ಹಾಕಿದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಈ ನಡುವೆ ನಾಗಪ್ಪಯ್ಯನವರಿಗೆ ಒಂದು ಯೋಚನೆ ಬಂದಿತ್ತು. ನನ್ನ ಚಿತ್ರ ನೋಡಿ ಮಕ್ಕಳು ಹೆದರುವ ಬದಲು, ಮರದ ಉಂಡೆಗಳಿಂದ ಮೀಥೇನು ಮಾಡಿಸಿ ತೋರಿಸಿದರೆ ಹೇಗೆ? ಕಿಟಕಿಯಲ್ಲಿಟ್ಟರೆ ರಸ್ತೆಯವರಿಗೂ ಕಾಣುತ್ತದೆ. ಅವರೇ ಸಾಲಿಗ್ರಾಮದ ಮಾಧವ ಆಚಾರಿಯ ಹೆಸರು ಹೇಳಿದರು. ಯಕ್ಷಗಾನ ಮೇಳದವರ ಕಿರೀಟ, ಭುಜಕೀರ್ತಿಗಳಿಗೆ ಮರದ ಕೆಲಸ ಮಾಡಿಕೊಡುವ ಮುದುಕ, ಕೈಚಳಕಕ್ಕೆ ಹೆಸರಾದವನು. ಒಂದು ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಹೋದೆ. ಅವನ ಜಗಲಿಯ ತುಂಬ ಬಣ್ಣ ಬಳಿಯದ ಕಿರೀಟಗಳು ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ನಾನು ಕಾಗದದ ಮೇಲೆ ಏಡಿಯನ್ನು ಬರೆದುಕೊಟ್ಟು, ವಿಷಯ ವಿವರಿಸಿದೆ. ನಡುವೆ ಕಪ್ಪು ಉಂಡೆ, ಅದಕ್ಕೆ ನಾಲ್ಕು ಕಡ್ಡಿ, ಕಡ್ಡಿಯ ತುದಿಗೆ ಬಿಳಿ ಉಂಡೆ. ಬಿಳಿಯದನ್ನು ಕಿತ್ತು ಕ್ಲೋರಿನ್ನಿಗೆಂದು ಕೆಂಪು ಉಂಡೆ ಸಿಕ್ಕಿಸುವಂತಿರಬೇಕು. ತಿಳಿದವನಂತೆ ಕಾಣಲೆಂದು ಎಲ್ಲಿಯೋ ಓದಿದ ಒಂದು ಮಾತನ್ನೂ ಸೇರಿಸಿದೆ: "ಈ ಬಿಳಿ ಉಂಡೆ ನಾಲ್ಕಕ್ಕೂ ಪರಸ್ಪರ ಆಗುವುದಿಲ್ಲ ಆಚಾರ್ರೆ. ಒಂದರಿಂದೊಂದು ಸಮ ದೂರದಲ್ಲಿ, ಆದಷ್ಟು ದೂರ ಕೂತಿರುತ್ತವೆ." ಆಚಾರಿ ಕಾಗದವನ್ನೂ ನನ್ನನ್ನೂ ಸರದಿಯಂತೆ ನೋಡಿ, "ಮುಂದಿನ ವಾರ ಬನಿ" ಎಂದ.

ಮುಂದಿನ ವಾರ ಹೋದಾಗ ಅವನು ನನ್ನ ಕೈಯಲ್ಲಿಟ್ಟ ವಸ್ತು ನಾನು ಬರೆದುಕೊಟ್ಟದ್ದಾಗಿರಲಿಲ್ಲ. ಮೂರು ಉಂಡೆ ಕೆಳಗೆ ಮುಕ್ಕಾಲಿಯ ಕಾಲಿನಂತೆ ಹರಡಿಕೊಂಡಿದ್ದವು, ಒಂದು ನೆಟ್ಟಗೆ ಮೇಲೆ ನಿಂತಿತ್ತು. ಬಣ್ಣ ಚೆನ್ನಾಗಿತ್ತು, ಕೆಲಸ ನಯವಾಗಿತ್ತು, ಆದರೆ ಇದು ಏಡಿಯಲ್ಲ. "ಆಚಾರ್ರೆ, ನಾನು ಹೇಳಿದ್ದೇನು, ನೀವು ಮಾಡಿದ್ದೇನು?" ಎಂದು ಧ್ವನಿ ಎತ್ತಿದೆ.

"ನೀವ್ ಹೇಳ್ದದ್ದನ್ನೇ ಮಾಡ್ದೆ. ನೀವ್ ಬರ್ದದ್ದನ್ನ ಮಾಡ್ಲಿಲ್ಲ" ಎಂದ ಆಚಾರಿ. ಅವನಿಗೆ ಸಿಟ್ಟೇನೂ ಬರಲಿಲ್ಲ. ಕಿವಿಯ ಮೇಲಿದ್ದ ದಾರದ ತುಂಡನ್ನು ತೆಗೆದು ಎರಡು ಬಿಳಿ ಉಂಡೆಗಳ ನಡುವೆ ಹಿಡಿದ. ಅದೇ ದಾರವನ್ನು ಬೇರೆ ಎರಡರ ನಡುವೆ ಹಿಡಿದ. ಯಾವ ಎರಡನ್ನು ಆರಿಸಿದರೂ ದಾರ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಲಿಲ್ಲ. ಆರು ಸಲ ಅಳೆದು ತೋರಿಸಿದ. ಆಮೇಲೆ ನನ್ನ ಚಿತ್ರದ ಮೇಲೆ ದಾರವಿಟ್ಟು, "ಇಲ್ಲ್ ಕಾಣಿ. ಪಕ್ಕದವ ಹತ್ರ, ಎದ್ರಿನವ ದೂರ. ಎಲ್ಲ ಸಮ ದೂರ ಅಂದದ್ದ್ ನೀವೇ ಅಲ್ದಾ? ಉಂಡಿಗೆ ಮೇಲೂ ಇತ್ತ್, ಕೆಳಗೂ ಇತ್ತ್. ಅಷ್ಟ್ ಜಾಗ ಇಟ್ಕಂಡ್ ಆಗ್ದಿದ್ದವ್ರೆಲ್ಲ ನಡೂಗೇ ಯಾಕ್ ಸಾಲ್ ಹಿಡಿತ್ರ್?" ಎಂದ.

ಆಗದಿದ್ದವರು ಎಂದರೆ ಹೇಗಿರುತ್ತಾರೆಂದು ಮೇಳಗಳ ಒಡನಾಟದಲ್ಲಿ ಅವನು ನನಗಿಂತ ಹೆಚ್ಚು ನೋಡಿದ್ದ. ಮೀಥೇನನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಬಂದವನೇ ಪುಸ್ತಕ ತೆಗೆದೆ. ಎರಡನೆಯ ಅಧ್ಯಾಯದಲ್ಲಿ, ಪರೀಕ್ಷೆಗೆ ಬರುವುದಿಲ್ಲ ಎಂದು ನಾನೇ ಪೆನ್ಸಿಲಿನಲ್ಲಿ ಗುರುತು ಹಾಕಿ ಬಿಟ್ಟಿದ್ದ ಪುಟದಲ್ಲಿ, ಆಚಾರಿಯ ಕೆಲಸದ ಚಿತ್ರವೇ ಅಚ್ಚಾಗಿತ್ತು. ಕಾರ್ಬನ್ನಿನ ನಾಲ್ಕು ಕೈ ಚಪ್ಪಟೆಯಾಗಿ ಇರುವುದಿಲ್ಲ. ಬೋರ್ಡು ಚಪ್ಪಟೆಯಾದ್ದರಿಂದ ನಾವು ಹಾಗೆ ಬರೆಯುತ್ತೇವೆ, ಅಷ್ಟೇ.

ಊಟವಾದ ಮೇಲೆ ಜಗಲಿಯಲ್ಲಿ ಕೂತು ಎರಡು ಬಿಳಿ ಉಂಡೆ ಕಿತ್ತು ಎರಡು ಕೆಂಪು ಸಿಕ್ಕಿಸಿದೆ. ಕಿತ್ತು ಬೇರೆ ಕಡೆ ಸಿಕ್ಕಿಸಿದೆ. ಎಲ್ಲಿ ಸಿಕ್ಕಿಸಿದರೂ ಒಂದು ಸುತ್ತು ತಿರುಗಿಸಿದರೆ ಮೊದಲಿನದೇ. ಅಕ್ಕಪಕ್ಕ ಎಂಬುದೂ ಇಲ್ಲ, ಎದುರುಬದುರು ಎಂಬುದೂ ಇಲ್ಲ. ಸಂಜೆಯ ಕಾಫಿಯ ತನಕ ತಿರುಗಿಸಿದರೂ ಎರಡನೆಯ ಬಗೆ ಹುಟ್ಟಲಿಲ್ಲ. ನನ್ನ ಹೆಂಡತಿ ಕಾವೇರಿ ಲೋಟ ತಂದಿಟ್ಟು, "ಯಾರ ಮನೆಯ ಮಗುವಿಗೆ?" ಎಂದು ಕೇಳಿದಳು. ಎಲ್ಲವನ್ನೂ ಹೇಳಿದೆ. ಸೊನ್ನೆಯನ್ನೂ, ಕೆಂಪು ಶಾಯಿಯನ್ನೂ, ರುಬ್ಬುವ ಕಲ್ಲನ್ನೂ. "ಆ ಹುಡುಗಿ ಎಷ್ಟು ದಿನದಿಂದ ಬರ್ಲಿಲ್ಲ?" ಎಂದಳು ಅವಳು. ಎರಡು ವಾರ ಎಂದೆ. "ಪರೀಕ್ಷೆಯ ಅರ್ಜಿಗೆ ಕೊನೆಯ ದಿನ ಯಾವತ್ತು?" ಬುಧವಾರ ಎಂದೆ. ಅವಳು ಒಳಗೆ ಹೋಗಿ, ನನ್ನ ಇಸ್ತ್ರಿಯಾದ ಅಂಗಿಯನ್ನು ತಂದು ಕುರ್ಚಿಯ ಬೆನ್ನಿಗೆ ಹಾಕಿದಳು.

ಮರುದಿನ ಮಧ್ಯಾಹ್ನ ಪಾಠ ಮುಗಿಸಿ, ಅರ್ಜಿಯ ಕಾಗದವನ್ನೂ ಮೀಥೇನನ್ನೂ ಹಿಡಿದುಕೊಂಡು ತಲ್ಲೂರಿನ ಬಸ್ಸು ಹತ್ತಿದೆ. ಚೀಲದಿಂದ ಹೊರಗೆ ಚಾಚಿದ್ದ ಒಂದು ಉಂಡೆ ಪಕ್ಕದಲ್ಲಿ ಕೂತವರ ಪಕ್ಕೆಗೆ ತಿವಿಯಿತು. "ಎಂತ ಇದ್?" ಎಂದರು. ಮೀಥೇನು ಎಂದೆ. ಅದು ಎಲ್ಲಿ ಸಿಕ್ಕುತ್ತದೆ ಎಂದರು. ಕೆಸರಿನಲ್ಲಿ ಗುಳ್ಳೆ ಏಳುತ್ತದಲ್ಲ, ಅದೇ ಎಂದೆ. "ಅದ್ ನಮ್ಮ ಹೊಂಡದ್ ಒಳ್ಗೆ ಬೇಕಾದಷ್ಟ್ ಇತ್ತಲೆ! ಮರದ್ದ್ ಮಾಡ್ಸಿದ್ ಯಾಕ್?" ಎಂದು ಅವರು ಮರುಕದಿಂದ ಕೇಳಿದರು. ನಾನು ಕಿಟಕಿಯಾಚೆ ನೋಡಿದೆ.

ಜಲಜಾಕ್ಷಿಯ ಮನೆಯ ಜಗಲಿಯಲ್ಲಿ ಅವಳ ತಾಯಿ ಗಿರಿಜಮ್ಮ ಅಬ್ಬಲಿಗೆ ಹೂ ರಾಶಿ ಹಾಕಿಕೊಂಡು ಕೂತಿದ್ದರು. ಮಗಳು ಹೂ ಕಟ್ಟುತ್ತಿದ್ದಳು. ನನ್ನನ್ನು ಕಂಡು ಎದ್ದು ಒಳಗೆ ಹೋದಳು. ಗಿರಿಜಮ್ಮ ಚಾಪೆ ಹಾಸಿ, "ಬನಿ, ಕೂಕಣಿ" ಎಂದು ಉಪಚರಿಸಿದರು. ಮಾತು ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ನಾನು ಚೀಲದಿಂದ ಮೀಥೇನನ್ನು ತೆಗೆದು ಚಾಪೆಯ ಮೇಲಿಟ್ಟೆ. ಅವರು ಆ ಬಣ್ಣದ ಉಂಡೆಗಳನ್ನು ನೋಡಿ ಗಾಬರಿಯಾದರು. "ಅಯ್ಯೋ ಮಾಷ್ಟ್ರೆ, ಹೆಣ್ಣಿಗೆ ಮದಿಯೇ ಆಯ್ಲಿಲ್ಲೆ, ತೊಟ್ಲಿಗ್ ಕಟ್ಟುದನ್ನ್ ಈಗ್ಲೇ ಯಾಕ್ ತಂದ್ರಿ?"

ಒಳಗಿನಿಂದ ನಗು ಕೇಳಿಸಿತು. ಜಲಜಾಕ್ಷಿ ಬಾಗಿಲಿಗೆ ಬಂದಳು. ಉಂಡೆಗಳ ಮೇಲೆ ಕಣ್ಣು ಬಿದ್ದದ್ದೇ ನಗು ನಿಂತಿತು. ಬಂದು ಕೂತು, ಅದನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ತಿರುಗಿಸಿದಳು. ಒಂದು ಕೆಂಪು ಉಂಡೆ ಕಿತ್ತು ಬೇರೆ ಕಡೆ ಹಾಕಿದಳು, ಮತ್ತೆ ತಿರುಗಿಸಿದಳು. ನಾನು ಒಂದು ಇಡೀ ಮಧ್ಯಾಹ್ನ ಮಾಡಿದ್ದನ್ನು ಅವಳು ಹೂವಿನ ಮೊಳ ಮುಗಿಸುವಷ್ಟು ಹೊತ್ತಿನಲ್ಲಿ ಮಾಡಿ ಮುಗಿಸಿದಳು.

"ಒಂದೇ" ಎಂದಳು.

"ಒಂದೇ" ಎಂದೆ ನಾನು. "ನಿನ್ನದು ಸರಿ. ನಾನು ಹೇಳಿದ್ದು ತಪ್ಪು."

ಈ ಎರಡು ವಾಕ್ಯವನ್ನು ಬಸ್ಸಿನ ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದೆ. ಆದರೆ ಅವಳು ಕೂಡಲೇ ಅರ್ಜಿಗೆ ಕೈ ಚಾಚಲಿಲ್ಲ. "ಕೆಮಿಸ್ಟ್ರಿ ನನ್ ತಲೆಗೆ ಹೋಪುದಲ್ಲ ಅಂತ ಸೋದರಮಾವನತ್ರ ಹೇಳಿ ಆಯ್ತ್ ಸರ್. ಆ ಕಾಗ್ದವೂ ತೋರ್ಸಿದೆ. ಇನ್ನ್ ಹೋಪುದ್ ಬೇಡ ಅಂದ್ರ್" ಎಂದಳು. ನಾನು ಬರೆದ ಒಂದು ಸಾಲು ಅವಳ ಮನೆಯಲ್ಲಿ ತೀರ್ಪೇ ಆಗಿಬಿಟ್ಟಿದೆ ಎಂದು ಆಗ ನನಗೆ ಗೊತ್ತಾಯಿತು. ಆ ಕಾಗದ ತರಲು ಹೇಳಿದೆ. ತಂದಳು. ಸೊನ್ನೆಯನ್ನು ಹೊಡೆದುಹಾಕಿ ಪೂರ್ತಿ ಅಂಕ ಕೊಟ್ಟು, ಕೆಳಗೆ, "ಮೇಷ್ಟರು ಪುಸ್ತಕ ಓದಿರಲಿಲ್ಲ" ಎಂದು ಬರೆದು ಸಹಿ ಹಾಕಿದೆ. ಗಿರಿಜಮ್ಮ ಅದನ್ನು ಮಗಳ ಕೈಯಲ್ಲಿ ಎರಡು ಸಲ ಓದಿಸಿದರು. "ಅಣ್ಣನತ್ರ ನಾನೇ ಮಾತಾಡ್ತೆ" ಎಂದರು.

ಜಲಜಾಕ್ಷಿ ಅರ್ಜಿ ತುಂಬಿಸಿದಳು. ನಾನು ಹೊರಡುವಾಗ ಅಂಗಳದವರೆಗೆ ಬಂದು, ತಲೆ ತಗ್ಗಿಸಿಕೊಂಡು, "ಸರ್, ಕ್ಲಾಸಿನೊಳ್ಗೂ ಹೇಳ್ತ್ರಿಯಾ?" ಎಂದಳು. ಅವಳ ಪ್ರಶ್ನೆಗಳೆಲ್ಲ ಇಂಥವೇ. "ಹೇಳ್ತೇನೆ" ಎಂದೆ.

ಮರುದಿನ ಕ್ಲಾಸಿನಲ್ಲಿ ಮೀಥೇನನ್ನು ಮೇಜಿನ ಮೇಲಿಟ್ಟು, ಬಾಗಿಲ ಬಳಿ ನಾಗಪ್ಪಯ್ಯ ಇಲ್ಲವೆಂದು ಖಚಿತಮಾಡಿಕೊಂಡು, ಎರಡು ಬಗೆ ಇವೆ ಎಂದು ನಾನು ಹೇಳಿದ್ದು ತಪ್ಪು, ಜಲಜಾಕ್ಷಿ ಹೇಳಿದ್ದು ಸರಿ ಎಂದು ಗಟ್ಟಿಯಾಗಿ ಹೇಳಿದೆ. ಭೂಮಿ ಬಾಯಿಬಿಡುವುದನ್ನು ಕಾಯುತ್ತ ನಿಂತೆ. ಆಮೇಲೆ ಹಿಂದಿನ ಬೆಂಚಿನವನೊಬ್ಬ ಪಕ್ಕದವನ ನೋಟ್ಸು ನೋಡುತ್ತ, "ಯಾವ್ದ್ ಸರ್? ಪರೀಕ್ಷೆ ಮುಗ್ದದ್ದೇ ಮರ್ತ್ ಹೋಯ್ತ್, ನೋಟ್ಸಿಗೆ ಅದನ್ನ್ ಬರ್ಕಂಡೇ ಇಲ್ಲೆ" ಎಂದ. ಅಷ್ಟು ದಿನ ನಾನು ಹೊತ್ತುಕೊಂಡು ತಿರುಗಿದ ಭಾರ ಇಡೀ ಟ್ಯುಟೋರಿಯಲ್ಲಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಆ ಇನ್ನೊಬ್ಬಳು ಮುಂದಿನ ಬೆಂಚಿನಲ್ಲಿ ಕೂತು, ಏನೂ ಆಗಿಲ್ಲವೆಂಬಂತೆ ಪೆನ್ನಿಗೆ ಶಾಯಿ ತುಂಬಿಸುತ್ತಿದ್ದಳು.

ಅವಳು ಪಾಸಾದಳು, ಅದೂ ಒಳ್ಳೆಯ ಅಂಕದಲ್ಲಿ. ಮುಂದೆ ಬಿ.ಎಸ್ಸಿ. ಮಾಡಿದಳೆಂದೂ, ಬ್ರಹ್ಮಾವರದ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದಳೆಂದೂ ಕೇಳಿ ಸಂತೋಷಪಟ್ಟೆ. ಅಷ್ಟರಲ್ಲಿ ನಾನೂ ಟ್ಯುಟೋರಿಯಲ್ ಬಿಟ್ಟು ಬೈಂದೂರಿನ ಕಡೆ ಮೇಷ್ಟರಾಗಿ ಹೋಗಿದ್ದೆ. ಎಪ್ಪತ್ತರ ದಶಕದ ಮೊದಲಲ್ಲಿ ಒಂದು ದಿನ ಬ್ರಹ್ಮಾವರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಬಂದು ನಿಂತ ಹೈಸ್ಕೂಲಿನ ಹುಡುಗಿಯೊಬ್ಬಳು ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ ಮಾತಿಗೆ ತೊಡಗಿದಳು. ಅವರ ಜಲಜಾಕ್ಷಿ ಟೀಚರು ಕಾರ್ಬನ್ ಪಾಠವನ್ನು ಎಷ್ಟು ಚೆನ್ನಾಗಿ ಮಾಡುತ್ತಾರೆಂದು ಬಣ್ಣಿಸಿದಳು. ಪಾಠದ ಮೊದಲು ಪ್ರತಿವರ್ಷ ಒಂದು ಕಥೆ ಹೇಳುತ್ತಾರಂತೆ. ಹಿಂದೆ ಒಬ್ಬ ಮೇಷ್ಟರಿದ್ದರಂತೆ, ಮೀಥೇನು ರೊಟ್ಟಿಯ ಹಾಗೆ ಚಪ್ಪಟೆ ಎಂದು ತಿಳಿದಿದ್ದರಂತೆ, ತಪ್ಪು ಗೊತ್ತಾದ ಮೇಲೆ ಅದನ್ನು ಹೇಳಲು ಬಸ್ಸು ಹತ್ತಿ ಮನೆಗೇ ಬಂದಿದ್ದರಂತೆ. ಟೀಚರು ಅಷ್ಟು ಹೇಳಿ, "ಅಂಥ ಮೇಷ್ಟರು ಸಿಕ್ಕುವುದು ಪುಣ್ಯ" ಎನ್ನುತ್ತಾರಂತೆ.

ಹುಡುಗಿ, "ಅವ್ರ್ ಯಾರಿರ್ಕ್ ಸರ್? ನಿಮಗೆ ಗೊತ್ತಿತ್ತಾ?" ಎಂದು ಕೇಳಿದಳು. ತಪ್ಪೊಪ್ಪಿಕೊಳ್ಳುವುದರಲ್ಲಿ ನಾನು ಆಗಲೇ ಪಳಗಿದವನು, ಹೇಳಿಬಿಡಬಹುದಿತ್ತು. ಆದರೆ ಅವಳು 'ರೊಟ್ಟಿಯ ಹಾಗೆ' ಎನ್ನುವಾಗ ನಕ್ಕ ನಗು ಇನ್ನೂ ಮುಖದ ಮೇಲಿತ್ತು.

"ಯಾರೋ ಪಾಪ," ಎಂದೆ. "ಬಹಳ ಹಿಂದಿನವರಿರಬೇಕು."