ಅತ್ತೆಗೆ ಕರೆ ಬಂತೆಂದರೆ

ನಮ್ಮ ಅತ್ತೆ ಬಾಗಿಲಲ್ಲಿ ಬಂದು ನಿಂತರೆ ಪುಣೆಯ ಕನ್ನಡ ಕ್ರೈಸ್ತರು ಚಹಾಕ್ಕೆ ನೀರಿಡುವುದಿಲ್ಲ. ಮೊದಲು ತಮ್ಮ ನಾಡಿ ಹಿಡಿದು ನೋಡಿಕೊಳ್ಳುತ್ತಾರೆ! ನಾನು ಬಣ್ಣ ಹಚ್ಚಿ ಹೇಳುತ್ತಿದ್ದೇನೆ ಅನ್ನಿಸಿದರೆ ನಮ್ಮ ಚರ್ಚಿನ ಸಭೆಯ ಯಾರನ್ನಾದರೂ ಕೇಳಿ. ಕೇಳುವಾಗ ಮಾತ್ರ ಅತ್ತೆಯ ಹೆಸರನ್ನು ಮೆಲ್ಲಗೆ ಹೇಳಿ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಧಾರವಾಡದಿಂದ ಬಂದು ಇಲ್ಲಿಯ ಶಾಲೆಯೊಂದರಲ್ಲಿ ಹೊಲಿಗೆ ಟೀಚರಾಗಿ ನಿವೃತ್ತರಾದವರು. ಮದುವೆಯಾಗಲಿಲ್ಲ. ಕೋಥರೂಡದಲ್ಲಿ ನಮ್ಮ ಸೊಸೈಟಿಯಿಂದ ಎರಡು ಗಲ್ಲಿ ಆಚೆ ಒಬ್ಬರೇ ಇರುತ್ತಾರೆ. ಒಬ್ಬರೇ ಎಂದರೆ ಅವರು ಒಪ್ಪುವುದಿಲ್ಲ, ದೇವರು ಜೊತೆಗಿದ್ದಾನೆ. ಇರಲಿ, ಯಾರು ಬೇಡವೆಂದರು? ಆದರೆ ಇದ್ದವನು ಸುಮ್ಮನಿರಬೇಕಲ್ಲ! ಅಕ್ಕಿ ತೊಳೆಯುವಾಗ, ತಲೆಗೆ ಎಣ್ಣೆ ಹಚ್ಚುವಾಗ, ಬಸ್ಸಿನಲ್ಲಿ ಗುದ್ದಾಡಿ ಸೀಟು ಹಿಡಿದಾಗಲೇ ಅವನು ಕರೆಯುತ್ತಾನೆ. ಇಂಥವರ ಮನೆಗೆ ಹೋಗು ಎನ್ನುತ್ತಾನೆ. ಯಾಕೆಂದು ಅವನು ಹೇಳುವುದಿಲ್ಲ, ಇವರು ಕೇಳುವುದಿಲ್ಲ. ಅರ್ಧ ಎಣ್ಣೆ ಹಚ್ಚಿದ ತಲೆಯಲ್ಲೇ ಹೊರಟುಬಿಡುತ್ತಾರೆ.

ಹಾಗೆ ನೋಡಿದರೆ ನಿನ್ನ ಕರೆಗೆ ಓಗೊಡಲು ಕಲಿಸು ಎಂದು ನಾವೂ ಪ್ರತಿ ಭಾನುವಾರ ಕೇಳಿಕೊಳ್ಳುತ್ತೇವೆ. ಕೇಳಿಕೊಂಡು ಮನೆಗೆ ಬಂದು ಮಟನ್ ಬೇಯಿಸುತ್ತೇವೆ. ಅತ್ತೆ ಒಬ್ಬರೇ ಅದನ್ನು ನಿಜವೆಂದು ನಂಬಿ ಎದ್ದು ಹೋಗುವವರು. ತೊಂದರೆ ಏನೆಂದರೆ, ಅವರು ಹೋಗಿ ಪ್ರಾರ್ಥನೆ ಮಾಡಿ ಬಂದ ಕೆಲವು ಮನೆಗಳಲ್ಲಿ ಸ್ವಲ್ಪ ದಿನಕ್ಕೇ ಸಾವಾಯಿತು. ಏನೂ ಆಗದ ಮನೆಗಳ ಸುದ್ದಿಯನ್ನು ಯಾರು ಆಡುತ್ತಾರೆ? ಹೆಸರು ಕೆಟ್ಟಿತು.

ಒಮ್ಮೆ ನಮ್ಮ ಸಭೆಯ ಹಿರಿಯರೊಬ್ಬರ ಮನೆಗೆ ಹೋದರು. ಅವರು ಮೊಣಕಾಲು ಆಪರೇಶನ್ ಮಾಡಿಸಿಕೊಂಡು ಆಗಷ್ಟೇ ಓಡಾಡತೊಡಗಿದ್ದರು. ಬಾಗಿಲು ತೆರೆದು ಅತ್ತೆಯನ್ನು ಕಂಡವರೇ ಧಡಾರನೆ ಮುಚ್ಚಿ ಒಳಗಿನಿಂದ ಕೂಗಿದರು: "ನಾ ಆರಾಮ ಅದೀನ್ರೀ ಟೀಚರ್! ನಿನ್ನೆನ ಬಿಪಿ ತೋರಿಸೇನಿ!"

"ನಿಮ್ಮ ಸಲುವಾಗಿ ಅಲ್ರೀ, ನಿಮ್ಮ ಮನಿಯವ್ರ ಸಲುವಾಗಿ ಬಂದೀನಿ" ಎಂದರು ಅತ್ತೆ.

ಒಳಗೆ ಅವರ ಹೆಂಡತಿ ಕಿಟಾರನೆ ಕಿರುಚಿಕೊಂಡದ್ದು ಕೆಳಗಿನ ಕಿರಾಣಿ ಅಂಗಡಿಗೂ ಕೇಳಿಸಿತಂತೆ! ಆ ಮನೆಯಲ್ಲಿ ಕಡೆಗೆ ಸತ್ತದ್ದು ಮುದಿ ನಾಯಿ. ಅತ್ತೆ ಅದರ ಮಣ್ಣಿಗೂ ಹೋಗಿ ಬಂದರು.

ಇನ್ನೊಮ್ಮೆ ಕರೆ ಮಗರಪಟ್ಟಾದ ದೊಡ್ಡ ಕಟ್ಟಡವೊಂದಕ್ಕೆ ಬಂತು. ಯಾರ ಮನೆ ಎಂಬುದನ್ನು ಈ ಸಲ ದೇವರು ಹೇಳಿರಲಿಲ್ಲ. ಗೇಟಿನ ವಾಚ್‌ಮನ್ ಬಿಡುತ್ತಾನೆಯೇ? ಯಾರ ಕಡೆ ಹೋಗಬೇಕು ಅಜ್ಜಿ ಎಂದು ಮರಾಠಿಯಲ್ಲಿ ಕೇಳಿದ. ಗೊತ್ತಿಲ್ಲ ಎಂದರು. ಯಾರು ಕರೆದರು? ದೇವರು. ಅವನು ತಲೆ ಕೆರೆದುಕೊಂಡು, "ದೇವಾಲಾ ಪಣ್ ಓಟಿಪಿ ಲಾಗತೋ, ಆಜೀ" ಎಂದ. ದೇವರಾದರೂ ಓಟಿಪಿ ಇಲ್ಲದೆ ಒಳಗೆ ಬಿಡುವಂತಿಲ್ಲ! ಅತ್ತೆ ಅಲ್ಲೇ ಅವನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತರು. ಸಂಜೆ ನಾನು ಕರೆತರಲು ಹೋದಾಗ ಆ ವಾಚ್‌ಮನ್ ಮೋರೆ ಮುಚ್ಚಿಕೊಂಡು ಅಳುತ್ತಿದ್ದ. ಹಿಂದಿನ ವಾರ ಅವನ ಕೂಸು ತೀರಿಕೊಂಡಿತ್ತು, ರಜೆ ಸಿಕ್ಕಿರಲಿಲ್ಲ. ಸ್ಕೂಟರ್ ಹತ್ತುತ್ತ ಅತ್ತೆ, "ಮ್ಯಾಲೆ ಹೋಗೂದು ಏನೂ ಇರ್ಲಿಲ್ಲ ನೋಡು. ಗೇಟಿನ ಮಟ್ಟನ ಇತ್ತು ನನ್ನ ಕೆಲಸ" ಎಂದರು. ನನಗೆ ಆ ದಾರಿಯುದ್ದಕ್ಕೂ ತಮಾಷೆ ಮಾಡಲು ಬಾಯಿ ಬರಲಿಲ್ಲ.

ಅಪ್ಪನಿಗೆ ಮಾತ್ರ ಯಾವಾಗಲೂ ಬರುತ್ತಿತ್ತು. "ಅಕ್ಕಾ, ನನ್ನ ಕಡೆ ಬರೂ ಮುಂಚೆ ಒಂದ ಫೋನ್ ಮಾಡವಾ. ದಾಡಿ ಮಾಡ್ಕೊಂಡ ಮಲಗಿರ್ತೀನಿ" ಎಂದು ನಗುತ್ತಿದ್ದ. ಅತ್ತೆಯೂ ನಗುತ್ತಿದ್ದರು.

ಕಳೆದ ವರ್ಷ ಅಪ್ಪನಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ಡಾಕ್ಟರು ಕೊಯ್ದು ನೋಡಿ, ತೆಗೆಯಲು ಬರುವಂತಿಲ್ಲವೆಂದು ಹಾಗೇ ಹೊಲಿದು ಕಳಿಸಿದರು. ಮನೆಗೆ ಬಂದ ದಿನವೇ ಅಪ್ಪ ಅವ್ವನಿಗೆ ಹೇಳಿದ: "ಅಕ್ಕ ಬಂದ್ರ ಬಾಗಿಲಾ ತಗೀಬ್ಯಾಡ." ಅವ್ವ ನಗೆಚಾಟಿಕೆ ಅಂದುಕೊಂಡಳು. ಅಪ್ಪ ಹೊಟ್ಟೆ ಹಿಡಿದುಕೊಂಡು ಹೋಗಿ ತಾನೇ ಚಿಲಕ ಹಾಕಿ ಬಂದ. ಎಷ್ಟು ಅಣಕಿಸಿದ್ದನೋ ಅಷ್ಟೂ ನಂಬಿದ್ದ!

ಅಂದಿನಿಂದ ಗಂಟೆ ಬಾರಿಸಿದಾಗಲೆಲ್ಲ ಅವ್ವ ಬಾಗಿಲಿನ ಕಿಂಡಿಯಲ್ಲಿ ಕಣ್ಣಿಟ್ಟು ನೋಡುವುದು, ಹಾಲಿನವನೇ ಎಂದು ಉಸಿರು ಬಿಡುವುದು ಶುರುವಾಯಿತು. ಆದರೆ ಅತ್ತೆ ಬರಲೇ ಇಲ್ಲ. ಫೋನೂ ಇಲ್ಲ. ಗುರುತಿಲ್ಲದವರ ಮನೆಗೆಲ್ಲ ಓಡುವವರು ಸ್ವಂತ ತಮ್ಮನನ್ನು ಬಂದು ನೋಡಲಿಲ್ಲವಲ್ಲ ಎಂದು ನನಗೆ ಸಿಟ್ಟು. ಅಪ್ಪನಿಗೆ ಮಾತ್ರ ಅದೇ ಔಷಧಿಯಾಯಿತು. ಬೆಳಿಗ್ಗೆ ಕಣ್ಣು ಬಿಟ್ಟೊಡನೆ, "ಅಕ್ಕ ಬಂದಿದ್ಲೇನು?" ಎಂದು ಕೇಳುತ್ತಿದ್ದ. ಇಲ್ಲ ಎಂದರೆ, "ಹಂಗಾರ ಇನ್ನೂ ಟೈಮ್ ಅದ" ಎಂದು ನಾಲ್ಕು ಚಮಚ ಗಂಜಿ ಕುಡಿಯುತ್ತಿದ್ದ. ನೋವು ದಿನದಿನಕ್ಕೆ ಏರಿತು. ಗಂಜಿ ನಾಲ್ಕರಿಂದ ಒಂದು ಚಮಚಕ್ಕೆ ಇಳಿಯಿತು. ಹಲ್ಲು ಕಚ್ಚಿ ಮುಲುಗುತ್ತಿದ್ದವನು ಹಲ್ಲು ಕಚ್ಚುವುದನ್ನೂ ಬಿಟ್ಟ.

ಒಂದು ಮಧ್ಯಾಹ್ನ ಲಿಫ್ಟ್ ಕೆಟ್ಟಿತ್ತು. ಗುಳಿಗೆ ತರಲು ಮೆಟ್ಟಿಲಿಳಿದು ಹೊರಟೆ. ನಮ್ಮ ಕೆಳಗಿನ ಮಹಡಿಯ ತಿರುವಿನಲ್ಲಿ, ಯಾರದೋ ಶೂ ಸ್ಟ್ಯಾಂಡಿನ ಪಕ್ಕ ಅತ್ತೆ ಕುಳಿತಿದ್ದರು. ಸೊರಗಿ ಅರ್ಧ ಆಗಿಹೋಗಿದ್ದರು.

"ಇಲ್ಲ್ಯಾಕ ಕೂತೀರಿ ಅತ್ತಿ? ಯಾವಾಗ ಬಂದ್ರಿ?"

"ದಿನಾ ಬರ್ತೀನಿ. ಇಲ್ಲೀತನಕ ಬಂದು ಹೊಳ್ಳಿ ಹೋಗ್ತೀನಿ."

"ಕರೆ ಬಂದದೇನು?" ಎಂದು ಕೇಳಿದೆ. ಕೇಳಬಾರದಿತ್ತು.

"ಡಾಕ್ಟರ್ ಹೇಳಿದ ದಿವಸದಿಂದ ಬರಾಕತ್ತದ, ಬಿಡವಲ್ದು. ನಾ ಒಲ್ಲೆ ಅಂದೀನಿ." ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. "ಈಗಿನತನಕ ಒಂದ ಮಾತು ಮೀರಿಲ್ಲ ನಾ. ಈ ಒಂದ ಮನೀಗೆ ಮಾತ್ರ ಹೋಗೂದಿಲ್ಲ, ಏನ್ ಮಾಡ್ತೀ ಮಾಡು ಅಂತ ದೇವರಿಗೆ ಹೇಳಿಬಿಟ್ಟೀನಿ. ನಾ ಹೋಗ್ಲಿಲ್ಲಂದ್ರ ನಿಮ್ಮಪ್ಪ ಉಳೀತಾನಲ್ಲ?"

ನಾನು ಗುಳಿಗೆ ಮರೆತು ಮೇಲಕ್ಕೆ ಬಂದೆ. ಅಪ್ಪ ನನ್ನ ಮುಖವನ್ನೇ ನೋಡಿದ.

"ಅಕ್ಕ ಬಂದಾಳೇನು?"

ನನಗೆ ಸುಳ್ಳು ಹೇಳಲಾಗಲಿಲ್ಲ. "ಮೆಟ್ಲ ಮ್ಯಾಲೆ ಕೂತಾರಪಾ. ಒಳಗ ಬರೂದಿಲ್ಲಂತ. ನೀ ಉಳೀಬೇಕಂತ."

ಅವ್ವ ಓಡಿ ಬಾಗಿಲ ಚಿಲಕ ಹಿಡಿದು ನಿಂತಳು. ಅಪ್ಪ ಮೊಣಕೈ ಊರಿ ಮೆಲ್ಲಗೆ ಎದ್ದು ಕುಳಿತ. ಆಮೇಲೆ, "ತಗೀ ಬಾಗಿಲಾ" ಎಂದ. ಅವ್ವ ಅಳುತ್ತ ತೆರೆದಳು. ಅಪ್ಪ ಉಳಿದಿದ್ದ ಶಕ್ತಿಯನ್ನೆಲ್ಲ ಒಟ್ಟು ಮಾಡಿ ಕೂಗಿದ:

"ಅಕ್ಕಾ! ಸಾಕಾಗ್ಯದ ನನಗ. ಬಾ ಒಳಗ!"

ಅತ್ತೆ ಮೆಟ್ಟಿಲ ಕಂಬಿ ಹಿಡಿದು ಮೇಲೆ ಬಂದರು. ಬಂದು ಬಾಗಿಲಲ್ಲೇ ನಿಂತರು.

"ತಮ್ಮಾ, ನಾ ಒಳಗ ಬಂದ್ನೆಂದ್ರ..."

"ಗೊತ್ತದ. ಬಾ."

ಹೇಳದೆ ಕೇಳದೆ ಊರವರ ಮನೆಗೆಲ್ಲ ನುಗ್ಗುತ್ತಿದ್ದ ನಮ್ಮ ಅತ್ತೆ, ತಮ್ಮನ ಮನೆಯ ಹೊಸ್ತಿಲು ದಾಟಲು ನನ್ನ ಕೈ ಹಿಡಿದುಕೊಂಡರು.