ಸೊನ್ನೆ ಇಡದ ಸಾಲು

ಹೇಮಂತನ ಗ್ರಹಚಾರ ಕೆಟ್ಟದ್ದು ಒಂದು ಸೊನ್ನೆಯಿಂದ. ಸೊಲ್ಲಾಪುರ ರಸ್ತೆಯಲ್ಲಿ ತಾನು ಓದಿದ ಎಂಜಿನಿಯರಿಂಗ್ ಕಾಲೇಜಿನಲ್ಲೇ ಅವನು ಹಂಗಾಮಿ ಉಪನ್ಯಾಸಕ. ಅಂದು ಮಧ್ಯಾಹ್ನ ಆಡಳಿತ ಮಂಡಳಿಯ ಸಭೆ. ಅವನನ್ನು ಕಾಯಂ ಮಾಡುವ ವಿಷಯ ಅಲ್ಲಿ ಬರುವುದಿತ್ತು. ವಿಭಾಗದ ಮುಖ್ಯಸ್ಥ ಪ್ರತಾಪ ಸರ್ ಹೂಂ ಅಂದರೆ ಹೂಂ, ಉಹೂಂ ಅಂದರೆ ಉಹೂಂ.

ಲ್ಯಾಬಿನ ಕಂಪ್ಯೂಟರು ಒಮ್ಮೊಮ್ಮೆ ಖಾಲಿ ಫೋಲ್ಡರ್ ತೆರೆದರೂ ಡಿಸ್ಕೇ ಕೆಟ್ಟಿದೆ ಎಂದು ಬೊಬ್ಬೆ ಹೊಡೆಯುತ್ತಿತ್ತು. ಹೇಮಂತ ಬೆನ್ನುಹತ್ತಿ ಕಾರಣ ಹುಡುಕಿದ. ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಫೈಲುಗಳನ್ನು ಇಟ್ಟು ತೆಗೆಯುವ ಭಾಗದಲ್ಲಿ ಲೆಕ್ಕದ ಬೆಲೆ ಹಿಡಿದಿಡುವ ಒಂದು ವೇರಿಯಬಲ್ಲಿಗೆ ಯಾರೋ ಆರಂಭದ ಬೆಲೆಯನ್ನೇ ಕೊಟ್ಟಿರಲಿಲ್ಲ. ಫೋಲ್ಡರ್ ಖಾಲಿಯಿದ್ದಾಗ ಅದು ಮೆಮೊರಿಯಲ್ಲಿ ಹಿಂದೆಂದೋ ಬಿದ್ದಿದ್ದ ಕಸವನ್ನೇ ಉತ್ತರವೆಂದು ಒಪ್ಪಿಸುತ್ತಿತ್ತು. ಖಾಲಿ ಮನೆಯ ಕದ ಬಡಿದರೆ ಬಿಟ್ಟುಹೋದ ಬಾಡಿಗೆದಾರ ಓಗೊಟ್ಟಂತೆ. ಮೊದಲೇ ಒಂದು ಸೊನ್ನೆ ಇಟ್ಟರೆ ಮುಗಿಯಿತು. ಹೇಮಂತ ಇಟ್ಟ.

ಆ ಸಿಸ್ಟಮ್ಮನ್ನು ಜಗತ್ತಿನ ಸಾವಿರಾರು ಜನ ಸೇರಿ ಬರೆಯುತ್ತಾರೆ. ತಿದ್ದುಪಡಿ ಯಾರಾದರೂ ಕಳಿಸಬಹುದು, ಆದರೆ ತಪ್ಪು ಯಾವ ಹಳೆಯ ಬದಲಾವಣೆಯಿಂದ ಬಂತೆಂದು ಅದರ ಗುರುತಿನ ಸಂಖ್ಯೆ ಬರೆಯಬೇಕು. ಅದನ್ನು ಬರೆದವರಿಗೂ ಒಂದು ಪ್ರತಿ ತಾನಾಗಿ ಹೋಗುತ್ತದೆ. ಹೇಮಂತ ಸಂಖ್ಯೆ ಅಂಟಿಸಿ ಎಲ್ಲರಿಗೂ ಮೇಲ್ ಕಳಿಸಿಬಿಟ್ಟ. ಪ್ರತಿ ಹೋದವರ ಹೆಸರು ನೋಡಿದವಳು ಪಕ್ಕದ ಮೇಜಿನ ಉಪನ್ಯಾಸಕಿ ವಂದನಾ.

"ಹೇಮಂತ, ಇದರಾಗ ಪ್ರತಾಪ ಸರ್ ಹೆಸರು ಐತಲ್ರಿ!"

ಹೇಮಂತ ಪರದೆಯ ಹತ್ತಿರ ಬಗ್ಗಿ ನೋಡಿದ. ಹೌದು. ಪ್ರತಾಪ ಸರ್ ಆ ಸಿಸ್ಟಮ್ಮಿಗೆ ಏನೋ ಬರೆದುಕೊಟ್ಟದ್ದು ಇಡೀ ಕಾಲೇಜಿಗೆ ಗೊತ್ತು. ಅದಕ್ಕಾಗಿ ಅವರಿಗೆ ಶಾಲು, ಹಾರ, ಗೇಟಿನ ಮೇಲೆ ಫೋಟೊ ಎಲ್ಲ ಆಗಿತ್ತು. ಏನು ಬರೆದರೆಂದು ಮಾತ್ರ ಯಾರೂ ಕೇಳಿರಲಿಲ್ಲ.

"ಮೇಲ್ ವಾಪಸ್ ತಗೋರಿ ಲಗೂನ!" ಎಂದಳು ವಂದನಾ.

"ಸಾವಿರಾರು ಮಂದಿಗೆ ಮುಟ್ಟೇತಿ. ಹ್ಯಾಂಗ ತಗೊಳ್ಳಲಿ?"

ಚಹಾ ತಂದಿದ್ದ ಅಟೆಂಡರ್ ಶಾಂತಪ್ಪ ಇದನ್ನು ಕೇಳಿಸಿಕೊಂಡ. ಅವನ ಕಿವಿಗೆ ಬಿದ್ದದ್ದು ಊರಿಗೆ ಬಿದ್ದಂತೆ. ಮಧ್ಯಾಹ್ನದೊಳಗೆ ಹೇಮಂತ ಸರ್ ಪ್ರತಾಪ ಸರ್ ಮೇಲೆ ಅಮೆರಿಕಾಕ್ಕೆ ಕಂಪ್ಲೇಂಟ್ ಕೊಟ್ಟರೆಂದು ಕ್ಯಾಂಟೀನಿನ ಭಟ್ಟಿಯವನೂ ಹೇಳತೊಡಗಿದ. ಮೆಕ್ಯಾನಿಕಲ್ ವಿಭಾಗದ ಒಬ್ಬರು ಬಂದು ಬೆನ್ನು ತಟ್ಟಿದರು. "ಗಂಡಸಂದ್ರ ನೀವರಿ," ಎಂದು ಹೇಳಿ, ತಾವು ಹೇಳಿದ್ದನ್ನು ಯಾರಾದರೂ ಕೇಳಿದರೇ ಎಂದು ಹಿಂದೆ ನೋಡಿಕೊಂಡು ಹೋದರು.

"ಸೀದಾ ಹೋಗಿ ಕಾಲಿಗೆ ಬೀಳ್ರಿ," ಎಂದಳು ವಂದನಾ. ಅಷ್ಟರಲ್ಲಿ ಶಾಂತಪ್ಪನೇ ಬಂದ. "ದೊಡ್ಡ ಸಾಹೇಬ್ರು ಕರಿಯಾಕತ್ತಾರ್ರಿ."

ಪ್ರತಾಪ ಸರ್ ನಗುತ್ತಿದ್ದರು. ಹೇಮಂತ ಬಗ್ಗುವ ಮೊದಲೇ ಕುರ್ಚಿ ತೋರಿಸಿದರು.

"ಕೂಡಪಾ. ತಪ್ಪು ಹಿಡದದ್ದು ಛಲೋ ಆತು. ಖರೇ ಹೇಳಾಕ ಅಂಜಬಾರದು. ನಾನೂ ಈಗ ಎಲ್ಲಾರಿಗೂ ಖರೇನ ಬರದು ಕಳಿಸೇನಿ."

ಅವರು ಪರದೆ ತಿರುಗಿಸಿದರು. ಕೋಡಿನ ಆ ಸಾಲು ತಾವು ಬರೆದದ್ದಲ್ಲ, ತಮ್ಮ ಅಂದಿನ ವಿದ್ಯಾರ್ಥಿ, ಟಿಕೋಟಾ ಊರಿನ ಇದೇ ಹೇಮಂತ, ಪ್ರಾಜೆಕ್ಟಿಗೆ ಬರೆದುಕೊಟ್ಟದ್ದು ಎಂದಿತ್ತು.

ಹೇಮಂತನಿಗೆ ಆಗ ನೆನಪಾಯಿತು. ಊರಿನ ಬಸ್ಸು ತಪ್ಪುತ್ತದೆಂಬ ಅವಸರದಲ್ಲಿ ಗೀಚಿ, ಅಂಕ ಬಂದರೆ ಸಾಕೆಂದು ಸರ್ ಕೈಗಿತ್ತು ಓಡಿದ್ದ. ಅದು ಸರ್ ಹೆಸರಿನಲ್ಲಿ ಜಗತ್ತು ಸುತ್ತಿದ್ದು ಅವನಿಗೆ ತಿಳಿದೇ ಇರಲಿಲ್ಲ.

"ಹಂಗಾರ ಸರ್, ಇಷ್ಟು ವರ್ಷ ನಿಮಗ ಹಾಕಿದ ಹಾರ..."

"ಅದನ್ಯಾಕ ಈಗ ತಗೀತಿ? ಸಾಲು ಛಲೋ ಇದ್ದಾಗ ವಿಭಾಗದ್ದು. ಕೆಟ್ಟಾಗ ಬರದಾಂವಂದು."

ಇಳಿಹೊತ್ತಿಗೆ ಸಭೆ ಮುಗಿಯಿತು. ದೂರದೇಶದ ದೊಡ್ಡವರು ತಿದ್ದುಪಡಿ ಒಪ್ಪಿ, ಮುಚ್ಚುಮರೆಯಿಲ್ಲದೆ ನಿಜ ಹೇಳಿದ್ದಕ್ಕೆ ಪ್ರತಾಪರನ್ನು ಕೊಂಡಾಡಿದ್ದರಂತೆ. ಮಂಡಳಿಯವರೂ ಕೊಂಡಾಡಿದರಂತೆ.

"ನಿನ್ನ ಪರವಾಗಿ ನಾ ಭಾಳ ಹೇಳಿದ್ನಿಪಾ," ಎಂದರು ಪ್ರತಾಪ ಸರ್, ಮೆಟ್ಟಿಲ ಮೇಲೆ ಹೇಮಂತನ ಹೆಗಲಿಗೆ ಕೈಹಾಕಿ. "ಆದ್ರ ಒಂದು ಸೊನ್ನಿ ಇಡಾಕ ಬರದಾಂವ ಹುಡುಗರಿಗೆ ಏನ್ ಕಲಸ್ತಾನ ಅಂದ್ರು ಮಂಡಳಿಯವರು. ಇನ್ನೊಂದು ವರ್ಷ ಹಂಗಾಮಿನ ಇರು."

ಹೇಮಂತ ಒಂದು ಮೆಟ್ಟಿಲು ಇಳಿದ. ಸರ್ ಕೂಡ ಇಳಿದರು.

"ಮನಸಿಗೆ ಹಚ್ಕೋಬ್ಯಾಡ. ಹೊಸಾದು ಏನರೆ ಬರಿ, ಬರದು ನನ್ನ ಕಡೆ ಕೊಡು. ಕಳಿಸೂದು ನಾ ಕಳಸ್ತೀನಿ."