ನನ್ನ ತೋಳಿನ ಎರಡೇ ಪಟ್ಟಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದು ನನ್ನ ಮೊದಲ ಬರಹ. ನಗೆಯ ಮಾತನ್ನೂ ವಿವರಿಸಿ ವಿವರಿಸಿ ಕೆಡಿಸುವ ಚಟ ನನ್ನದು. ಸಮುದ್ರವೇ ಇಲ್ಲದ ಸೊಲ್ಲಾಪುರದ ಕಡೆಯವನು ನೌಕಾಪಡೆಯ ಅಧಿಕಾರಿಯಾದರೆ ಇಂಥವು ನಡೆಯುತ್ತಲೇ ಇರುತ್ತವೆ. ಬೋರಾಮಣಿಯಲ್ಲಿ ಸೋದರಮಾವನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಸಮವಸ್ತ್ರದ ಕೋಟನ್ನು ಹಿತ್ತಲಲ್ಲಿ ಬಿಸಿಲಿಗೆ ಹಾಕಿದ್ದೇನೆ. ಇದು ಆ ಕೋಟಿನದೇ ಕಥೆ, ಅದಕ್ಕೇ ಹೇಳಿದೆ.

೧. ಬಣ್ಣ

ನನ್ನ ಮದುವೆಗೆ ಸಮವಸ್ತ್ರವನ್ನೇ ಹಾಕುತ್ತೇನೆಂದು ಹಟ ಹಿಡಿದಿದ್ದೆ. ಮಾವ ಒಪ್ಪಲಿಲ್ಲ.

"ಕರೇ ಕೋಟಿನಾಗ ಅಕ್ಷತಿಗೆ ನಿಂದರ್ತಿ ಏನೋ ಅಳಿಯಾ?"

"ಕರೇದಲ್ಲ ಮಾವ, ಕಡುನೀಲಿ ಐತ್ರಿ."

ಮಾವ ಕೋಟನ್ನು ಬಿಸಿಲಿಗೆ ಒಯ್ದು, ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದು ನೀಲಿ ಅಂದ್ರ ನಮ್ಮ ಎಮ್ಮೀನೂ ನೀಲೀನ."

೨. ಪರಿಹಾರ

ಅತ್ತೆ ಹಾದಿ ಹುಡುಕಿದರು. "ಮಂಗಳಸೂತ್ರದ ಮಣಿ ಕರೇವ ಅದಾವಲ್ಲ. ಬಂಗಾರ ಕೂಡಿದ್ರ ನಡೀತೈತಿ. ತೋಳಿಗೆ ಇನ್ನೆರಡು ಜರಿಪಟ್ಟಿ ಹಚ್ಚು."

ತೋಳಿನ ತುದಿಯ ಬಂಗಾರದ ಪಟ್ಟಿ ಅಲಂಕಾರವಲ್ಲ, ಹುದ್ದೆಯ ಗುರುತು. ಲೆಫ್ಟಿನೆಂಟನಾದ ನನಗೆ ಎರಡು, ನಮ್ಮ ಕಮಾಂಡರಿಗೆ ಮೂರು. ಪಟ್ಟಿ ಹೆಚ್ಚಿದ್ದವನೇ ದೊಡ್ಡವನು. ಇದನ್ನೆಲ್ಲ ಇಬ್ಬರಿಗೂ ಕೂಡ್ರಿಸಿ ತಿಳಿಸಿದೆ.

"ಲಗ್ನದಾಗ ಯಾರು ಎಣಸ್ತಾರ?" ಎಂದರು ಅತ್ತೆ.

"ನಮ್ಮ ಸಾಹೇಬರು ಬರ್ತಾರ್ರಿ ಅತ್ತಿ. ಅವರಿಗಿಂತ ನಾ ದೊಡ್ಡಾವ ಆಗ್ತೀನಿ."

"ಹಂಗಾದ್ರ ಅವರಿಗೂ ಎರಡು ಹಚ್ಚಿ ಕೊಡ್ತೀನಿ ತೊಗೊ."

ನಾನು ಜಗ್ಗಲಿಲ್ಲ. ಎರಡೇ ಅಂದೆ.

೩. ಲಗ್ನ

ಅಕ್ಕಲಕೋಟೆಯಲ್ಲಿ ಲಗ್ನ. ಬೆಳಿಗ್ಗೆ ಕೋಟು ತೆಗೆದರೆ ತೋಳಿಗೆ ನಾಲ್ಕು ನಾಲ್ಕು ಪಟ್ಟಿ. ಹೆಚ್ಚಿಗೆ ಹಚ್ಚಿದವು ಅತ್ತೆಯ ಸೀರೆಯ ಅಂಚು. ಮನೆಯ ಕತ್ತರಿಗಳನ್ನೆಲ್ಲ ಅವರೇ ಬಚ್ಚಿಟ್ಟಿದ್ದರು. ಹಲ್ಲಿನಿಂದ ದಾರ ಕಡಿಯುತ್ತಿದ್ದೆ. ಸಾದಾ ಕುರ್ತಾದಲ್ಲಿ ಸಾಹೇಬರು ಒಳಗೆ ಬಂದರು. "ಏನು ನಡೆದಿದೆ?" ಎಂದರು.

"ಹುದ್ದೆ ಇಳಿಸಿಕೊಳ್ಳುತ್ತಿದ್ದೇನೆ, ಸರ್."

ಅವರೇ ಕೋಟಿನ ತೋಳು ಬಿಗಿ ಹಿಡಿದುಕೊಂಡರು. ಎರಡೇ ಪಟ್ಟಿಯಲ್ಲಿ, ಎದೆ ಸೆಟೆಸಿ ಮಂಟಪಕ್ಕೆ ಹೋದೆ. ಅಷ್ಟರಲ್ಲಿ ಹೊರಗಿನ ವಾಜಂತ್ರಿ ನಿಂತುಹೋಯಿತು. ನೋಡಿದರೆ ಬ್ಯಾಂಡಿನ ಮುಖ್ಯಸ್ಥನನ್ನು ಮಾವ ಮೊದಲ ಸಾಲಿನಲ್ಲಿ ಕೂಡ್ರಿಸಿ ತಲೆಗೆ ಫೇಟಾ ಸುತ್ತುತ್ತಿದ್ದರು. ಅವನ ಕೈಯಲ್ಲಿ ತೆಂಗಿನಕಾಯಿ. ನಿಜವಾದ ಸಾಹೇಬರಿಗೆ ಯಾರೋ ಅಕ್ಷತೆಯ ತಟ್ಟೆ ಕೊಟ್ಟು ಹಂಚಲು ಹಚ್ಚಿದ್ದರು.

"ಮಾವ, ಅವ ಸಾಹೇಬ ಅಲ್ರಿ."

"ಪಟ್ಟಿ ಹೆಚ್ಚಿದ್ದವನ ದೊಡ್ಡಾವ ಅಂತ ನೀನ ಹೇಳಿದೆಲ್ಲ? ಎಣಸು. ಅವನ ತೋಳಿಗೆ ಐದು ಅದಾವ."

ಮಾವನ ತಪ್ಪಿಲ್ಲ. ನನ್ನ ವಿವರಣೆಯಲ್ಲಿ ಒಂದು ಮಾತು ಉಳಿದಿತ್ತು: ನಮ್ಮಲ್ಲಿ ಎಲ್ಲಕ್ಕಿಂತ ಮೇಲಿನ ಪಟ್ಟಿಗೆ ಒಂದು ಸುರುಳಿ ಇರುತ್ತದೆ, ಬ್ಯಾಂಡಿನವರದಕ್ಕೆ ಇರುವುದಿಲ್ಲ. ಆ ಸುರುಳಿ ಹೇಗಿರುತ್ತದೆಂದರೆ, ಪಟ್ಟಿ ನಡುವೆ ಮೇಲಕ್ಕೆದ್ದು, ದುಂಡಗೆ ಬಳಸಿ, ಮತ್ತೆ ಕೆಳಗೆ...

ತಡೆಯಿರಿ, ಹಿತ್ತಲಿನಿಂದ ಮಾವ ಕೂಗುತ್ತಿದ್ದಾರೆ.

"ಅಳಿಯಾ, ಲಗೂ ಬಾ. ನಮ್ಮ ನೀಲಿ ಎಮ್ಮಿ ನಿನ್ನ ತೋಳು ಮೇಯಾಕತ್ತೈತಿ. ಇನ್ನ ಒಂದ ಪಟ್ಟಿ ಉಳದೈತಿ."